ಪುಸ್ತಕ ಮನೆ, ಹರಳಹಳ್ಳಿ

ಪುಸ್ತಕ ಮನೆ ಕರ್ನಾಟಕದ ಮಂಡ್ಯ ಜಿಲ್ಲೆಯ ಪಾಂಡವಪುರ ತಾಲ್ಲೂಕಿನ ಹರಳಹಳ್ಳಿ ಗ್ರಾಮದಲ್ಲಿರುವ ಉಚಿತ ಗ್ರಂಥಾಲಯ. ಇದನ್ನು ಸ್ಥಾಪಿಸಿದವರು ಪುಸ್ತಕ ಸಂಗ್ರಾಹಕರಾದ ಎಂ. ಅಂಕೇಗೌಡ. ಅವರು ಮೊದಲು ಬಸ್ ನಿರ್ವಾಹಕರಾಗಿದ್ದು, ಅನಂತರ ಸಕ್ಕರೆ ಕಾರ್ಖಾನೆಯ ನೌಕರರಾಗಿ ದುಡಿದವರು. ಇಲ್ಲಿ ಸುಮಾರು 20 ಲಕ್ಷ ಪುಸ್ತಕಗಳಿವೆಯೆಂದು ಅಂದಾಜಿಸಲಾಗಿದ್ದು, ಒಬ್ಬ ವ್ಯಕ್ತಿಯ ಪ್ರಯತ್ನದಿಂದ ರೂಪುಗೊಂಡ ಭಾರತದ ಅತಿ ದೊಡ್ಡ ಪುಸ್ತಕ ಸಂಗ್ರಹಗಳಲ್ಲಿ ಇದು ಒಂದಾಗಿದೆ. ಪ್ರವೇಶಕ್ಕೆ ಶುಲ್ಕವಿಲ್ಲ, ಸದಸ್ಯತ್ವದ ನಿಯಮವೂ ಇಲ್ಲ. 2026ರಲ್ಲಿ ಭಾರತ ಸರ್ಕಾರವು ಅಂಕೇಗೌಡರಿಗೆ ಪದ್ಮಶ್ರೀ ಪ್ರಶಸ್ತಿಯನ್ನು ಘೋಷಿಸಿತು.

ಸಂಗ್ರಹದ ಗಾತ್ರವೇ ಈ ಸಂಸ್ಥೆಯ ಖ್ಯಾತಿಗೆ ಕಾರಣವಾಗಿದೆ; ಅದರ ಮುಖ್ಯ ಸಮಸ್ಯೆಯೂ ಅದೇ. ಪುಸ್ತಕಗಳ ಬಹುಭಾಗ ಗ್ರಂಥಾಲಯ ಶಾಸ್ತ್ರದ ಕ್ರಮದಂತೆ ವರ್ಗೀಕರಣಗೊಂಡಿಲ್ಲ. ಪೂರ್ಣ ಗ್ರಂಥಸೂಚಿಯೂ ಸಿದ್ಧವಾಗಿಲ್ಲ.

ಸ್ಥಳ ಮತ್ತು ಪರಿಸರ

ಹರಳಹಳ್ಳಿಯು ಪಾಂಡವಪುರ ಪಟ್ಟಣಕ್ಕೆ ಹೊಂದಿಕೊಂಡಂತಿರುವ ಗ್ರಾಮ. ಪಾಂಡವಪುರಕ್ಕೆ ಹಿರೋಡೆ ಎಂಬ ಹಳೆಯ ಹೆಸರಿತ್ತು. ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಕಾಲದಲ್ಲಿ ಫ್ರೆಂಚ್ ಸೈನಿಕರು ಇಲ್ಲಿ ಬೀಡುಬಿಟ್ಟಿದ್ದರಿಂದ ಬ್ರಿಟಿಷರು ಇದನ್ನು 'ಫ್ರೆಂಚ್ ರಾಕ್ಸ್' ಎಂದು ಕರೆದರು. ತಾಲ್ಲೂಕಿನ ಮೂಲಕ ಹರಿಯುವ ಲೋಕಪಾವನಿ ನದಿಯು ದಕ್ಷಿಣಕ್ಕೆ ಸಾಗಿ, ಶ್ರೀರಂಗಪಟ್ಟಣದ ಬಳಿ ಕರಿಘಟ್ಟ ಬೆಟ್ಟದ ಬುಡದಲ್ಲಿ ಕಾವೇರಿಯನ್ನು ಸೇರುತ್ತದೆ. ನಾಲೆ ನೀರಾವರಿಯಿಂದ ಕಬ್ಬು ಮತ್ತು ಭತ್ತ ಬೆಳೆಯುವ ಈ ಪ್ರದೇಶವನ್ನು 'ಸಕ್ಕರೆಯ ಸೀಮೆ' ಎಂದು ಕರೆಯುವುದುಂಟು.

ಕರಿಘಟ್ಟದ ಸುತ್ತಲಿನ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳು ಕನ್ನಡ ಸಾಹಿತ್ಯಕ್ಕೆ ಗಣ್ಯ ಲೇಖಕರನ್ನು ನೀಡಿವೆ. ಶ್ರೀರಂಗಪಟ್ಟಣದಲ್ಲಿ ಚಿಕ್ಕದೇವರಾಜ ಒಡೆಯರ (ಆಳ್ವಿಕೆ 1673–1704) ಆಸ್ಥಾನದಲ್ಲಿ ತಿರುಮಲಾರ್ಯ, ಸಿಂಗರಾರ್ಯ ಮತ್ತು ಸಂಚಿಯ ಹೊನ್ನಮ್ಮ ಇದ್ದರು. ಆಧುನಿಕ ಕಾಲದಲ್ಲಿ ಪು.ತಿ. ನರಸಿಂಹಾಚಾರ್ (ಜನನ 1905) ಮೇಲುಕೋಟೆಯವರು, ಕೆ.ಎಸ್. ನರಸಿಂಹಸ್ವಾಮಿ (ಜನನ 1915) ಕಿಕ್ಕೇರಿಯವರು, ಎ.ಎನ್. ಮೂರ್ತಿರಾವ್ ಅಕ್ಕಿಹೆಬ್ಬಾಳಿನವರು, ಜಾನಪದ ಲೋಕವನ್ನು ಕಟ್ಟಿದ ಎಚ್.ಎಲ್. ನಾಗೇಗೌಡರು ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯವರು. ಆದರೆ ಲೇಖಕರು ಹುಟ್ಟಿದ ಊರಿನಲ್ಲಿ ಓದುಗರಿಗೆ ಪುಸ್ತಕ ದೊರೆಯುತ್ತಿತ್ತೆಂದು ಹೇಳುವಂತಿರಲಿಲ್ಲ. 2011ರ ಜನಗಣತಿಯಲ್ಲಿ ಮಂಡ್ಯ ಜಿಲ್ಲೆಯ ಸಾಕ್ಷರತಾ ಪ್ರಮಾಣ ಸುಮಾರು ಶೇ 70ರಷ್ಟಿದ್ದು, ರಾಜ್ಯದ ಸರಾಸರಿಗಿಂತ (ಸುಮಾರು ಶೇ 75) ಕಡಿಮೆಯಿತ್ತು. ಪುಸ್ತಕ ಕೊಳ್ಳಬೇಕಾದವರು ಮೈಸೂರಿಗೆ ಹೋಗುವುದು ವಾಡಿಕೆಯಾಗಿತ್ತು. ಪುಸ್ತಕ ಮನೆಯ ಸಂಗ್ರಹ ಈ ಕೊರತೆಯ ನಡುವೆ ಆರಂಭವಾಯಿತು.

ಸ್ಥಾಪಕರು

ಅಂಕೇಗೌಡರು ಪಾಂಡವಪುರ ತಾಲ್ಲೂಕಿನ ಚಿನಕುರಳಿಯ ಕೃಷಿಕ ಕುಟುಂಬದಲ್ಲಿ ಜನಿಸಿದರು. ಬಾಲ್ಯದಲ್ಲಿ ಪಠ್ಯಪುಸ್ತಕವಲ್ಲದೆ ಬೇರೆ ಪುಸ್ತಕಗಳು ಕೈಗೆ ಸಿಗುತ್ತಿರಲಿಲ್ಲವೆಂದೂ ಆ ಹಂಬಲವೇ ಮುಂದೆ ಸಂಗ್ರಹದ ಹವ್ಯಾಸವಾಯಿತೆಂದೂ ಅವರು ಸಂದರ್ಶನಗಳಲ್ಲಿ ಹೇಳಿದ್ದಾರೆ. ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರಾಗಿದ್ದ ಅನಂತರಾಮು ಅವರು ಪುಸ್ತಕ ಓದಲು ಮತ್ತು ಕೂಡಿಡಲು ಪ್ರೇರಣೆ ನೀಡಿದರು. ಇಪ್ಪತ್ತರ ಹರೆಯದಲ್ಲಿ ಬಸ್ ನಿರ್ವಾಹಕರಾಗಿದ್ದಾಗಲೇ ಅವರು ಪುಸ್ತಕಗಳನ್ನು ಕೊಳ್ಳತೊಡಗಿದರು. ಅನಂತರ ಕನ್ನಡ ಸಾಹಿತ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆಯಲ್ಲಿ ಸುಮಾರು ಮೂರು ದಶಕಗಳ ಕಾಲ ಕೆಲಸ ಮಾಡಿದರು.

ಸಂಬಳದ ಬಹುಪಾಲನ್ನು ಅವರು ಪುಸ್ತಕಗಳಿಗೆ ವಿನಿಯೋಗಿಸಿದರು. ಅದು ಸಾಲದಾದಾಗ ಹಸುಗಳನ್ನು ಸಾಕಿ ಹಾಲು ಮಾರಿದರು. ಜೀವವಿಮೆಯ ಪ್ರತಿನಿಧಿಯಾಗಿಯೂ ಕೆಲಸ ಮಾಡಿದರು. ಮೈಸೂರಿನಲ್ಲಿದ್ದ ಸ್ವಂತ ಆಸ್ತಿಯನ್ನು ಮಾರಿ ಬಂದ ಹಣವೂ ಇದಕ್ಕೇ ಸಂದಿತು. ಅವರ ಪತ್ನಿ ಮತ್ತು ಮಗ ಗ್ರಂಥಾಲಯದ ದೈನಂದಿನ ಕೆಲಸದಲ್ಲಿ ಪಾಲುದಾರರು. ಕುಟುಂಬವು ಪ್ರತ್ಯೇಕ ಮನೆಯಿಲ್ಲದೆ ಗ್ರಂಥಾಲಯದ ಕಟ್ಟಡದ ಒಂದು ಮೂಲೆಯಲ್ಲೇ ವಾಸಿಸುತ್ತದೆ. ಹೀಗಾಗಿ 'ಪುಸ್ತಕ ಮನೆ' ಎಂಬ ಹೆಸರು ಅಲಂಕಾರದ ಮಾತಾಗಿರದೆ ವಾಸ್ತವದ ವಿವರಣೆಯಾಗಿದೆ.

ಬೆಳವಣಿಗೆ

ಆರಂಭದಲ್ಲಿ ಸಂಗ್ರಹವು ಅಂಕೇಗೌಡರ ವಾಸದ ಮನೆಯಲ್ಲೇ ಇತ್ತು. ಪುಸ್ತಕಗಳು ಹೆಚ್ಚಿ ಸ್ಥಳ ಸಾಲದಾದಾಗ ಉದ್ಯಮಿ ಶ್ರೀಹರಿ ಖೋಡೆ ಅವರ ನೆರವಿನಿಂದ ಹರಳಹಳ್ಳಿಯಲ್ಲಿ ವಿಶಾಲವಾದ ಕಟ್ಟಡ ನಿರ್ಮಾಣವಾಯಿತು. ಸಂಸ್ಥೆಯ ನಿರ್ವಹಣೆಗೆ ಅಂಕೇಗೌಡರ ಹೆಸರಿನಲ್ಲಿ ಜ್ಞಾನ ಪ್ರತಿಷ್ಠಾನವನ್ನು ರಚಿಸಲಾಗಿದೆ.

ಸಂಗ್ರಹವು ಹಲವು ಬಗೆಯಲ್ಲಿ ಬೆಳೆದಿದೆ. ಕೊಂಡ ಪುಸ್ತಕಗಳ ಜೊತೆಗೆ, ದಾನವಾಗಿ ಬಂದವುಗಳ ಪ್ರಮಾಣವೂ ದೊಡ್ಡದು. ವಿದ್ವಾಂಸರು ತೀರಿಕೊಂಡ ಬಳಿಕ ಅಥವಾ ಕುಟುಂಬಗಳು ಮನೆ ಬದಲಿಸುವಾಗ ಖಾಸಗಿ ಗ್ರಂಥ ಸಂಗ್ರಹಗಳು ಹಳೆಯ ಪುಸ್ತಕದ ಅಂಗಡಿಗೋ ರದ್ದಿಗೋ ಹೋಗುವುದು ಸಾಮಾನ್ಯ. ಅಂತಹ ಪುಸ್ತಕಗಳನ್ನು ಷರತ್ತಿಲ್ಲದೆ ಸ್ವೀಕರಿಸುವ ಸಂಸ್ಥೆಗಳು ವಿರಳ. ವಿಶ್ವವಿದ್ಯಾನಿಲಯಗಳ ಗ್ರಂಥಾಲಯಗಳು ಈಗಾಗಲೇ ತಮ್ಮಲ್ಲಿರುವ ಪ್ರತಿಗಳನ್ನು ಮತ್ತೆ ತೆಗೆದುಕೊಳ್ಳಲು ಹಿಂಜರಿಯುತ್ತವೆ. ಸಾರ್ವಜನಿಕ ಗ್ರಂಥಾಲಯಗಳಿಗೆ ಸ್ಥಳದ ಮಿತಿಯಿದೆ. ಪುಸ್ತಕ ಮನೆಯು ಆಯ್ಕೆ ಮಾಡದೆ ಎಲ್ಲವನ್ನೂ ಉಳಿಸಿಕೊಳ್ಳುವ ಕ್ರಮವನ್ನು ಅನುಸರಿಸಿತು. ವೃತ್ತಿಪರ ಗ್ರಂಥಪಾಲಕರು ಈ ಕ್ರಮವನ್ನು ಒಪ್ಪಲಾರರು. ಆದರೆ ಕನ್ನಡದ ಪುಸ್ತಕೋದ್ಯಮದ ಸ್ವರೂಪವನ್ನು ಗಮನಿಸಿದರೆ ಇದಕ್ಕೆ ಸಮರ್ಥನೆಯಿದೆ. ಕನ್ನಡ ಪುಸ್ತಕವೊಂದರ ಮುದ್ರಣ ಸಾಮಾನ್ಯವಾಗಿ ಸಾವಿರ ಪ್ರತಿಗಳ ಆಸುಪಾಸಿನದು. ಮರುಮುದ್ರಣ ಕಾಣದ ಕೃತಿಗಳೇ ಹೆಚ್ಚು. ಪುಸ್ತಕವು ಅಂಗಡಿಯಿಂದ ಮರೆಯಾದ ನಂತರ ಅದರ ಉಳಿವು ಕೆಲವೇ ಮನೆಗಳ ಕಪಾಟುಗಳನ್ನು ಅವಲಂಬಿಸಿರುತ್ತದೆ.

ಸಂಗ್ರಹ

ಇಲ್ಲಿ ಕನ್ನಡ, ಇಂಗ್ಲಿಷ್, ಸಂಸ್ಕೃತ, ಹಿಂದಿ, ತಮಿಳು, ತೆಲುಗು ಸೇರಿದಂತೆ ಇಪ್ಪತ್ತಕ್ಕೂ ಹೆಚ್ಚು ಭಾಷೆಗಳ ಪುಸ್ತಕಗಳಿವೆಯೆಂದು ವರದಿಯಾಗಿದೆ. ಅವುಗಳಲ್ಲಿ ವಿದೇಶಿ ಪ್ರಕಟಣೆಗಳ ಸಂಖ್ಯೆ ಸುಮಾರು 5 ಲಕ್ಷವೆಂದೂ ನಿಘಂಟುಗಳು ಸುಮಾರು 5,000 ಎಂದೂ ಹೇಳಲಾಗಿದೆ. ರಾಮಾಯಣ, ಮಹಾಭಾರತ ಮತ್ತು ಭಗವದ್ಗೀತೆಗಳ ನಾನಾ ಆವೃತ್ತಿಗಳು, ಗಾಂಧೀಜಿಯವರಿಗೆ ಸಂಬಂಧಿಸಿದ ಕೃತಿಗಳು, ವಿಜ್ಞಾನ, ತತ್ತ್ವಶಾಸ್ತ್ರ ಮತ್ತು ಇತಿಹಾಸದ ಗ್ರಂಥಗಳು, ಮಕ್ಕಳ ಪುಸ್ತಕಗಳು, ಸ್ಪರ್ಧಾತ್ಮಕ ಪರೀಕ್ಷೆಗಳ ಪುಸ್ತಕಗಳು ಮತ್ತು ಹಳೆಯ ನಿಯತಕಾಲಿಕಗಳು ಸಂಗ್ರಹದಲ್ಲಿವೆ.

ಈ ಅಂಕಿಗಳೆಲ್ಲ ಸಂಸ್ಥೆಯ ಅಂದಾಜುಗಳು. ಒಂದೊಂದು ಪುಸ್ತಕವನ್ನೂ ದಾಖಲಿಸಿ ಎಣಿಸಿದ ಫಲವಲ್ಲ. ಆದ್ದರಿಂದಲೇ ಬೇರೆ ಬೇರೆ ಕಾಲದ ವರದಿಗಳಲ್ಲಿ ಬೇರೆ ಬೇರೆ ಸಂಖ್ಯೆಗಳು ಕಾಣುತ್ತವೆ. ಗಾತ್ರದ ಕಲ್ಪನೆಗೆ ಒಂದು ಸರಳ ಲೆಕ್ಕವನ್ನು ನೋಡಬಹುದು. ಪುಸ್ತಕವೊಂದರ ದಪ್ಪವನ್ನು ಸರಾಸರಿ 2 ಸೆಂ.ಮೀ. ಎಂದಿಟ್ಟುಕೊಂಡರೆ, 20 ಲಕ್ಷ ಪುಸ್ತಕಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಲು 40 ಕಿ.ಮೀ. ಉದ್ದದ ಕಪಾಟು ಬೇಕಾಗುತ್ತದೆ. ಇದು ಹರಳಹಳ್ಳಿಯಿಂದ ಮೈಸೂರಿಗಿರುವ ದೂರಕ್ಕಿಂತ ಹೆಚ್ಚು. ಪುಸ್ತಕ ಮನೆಯಲ್ಲಿ ಕಪಾಟುಗಳು ತುಂಬಿದ ಬಳಿಕ ಪುಸ್ತಕಗಳನ್ನು ನೆಲದ ಮೇಲೆ ಪೇರಿಸಲಾಗಿದೆ. ಇನ್ನೂ ಬಿಚ್ಚದ ಮೂಟೆಗಳೂ ಇವೆ.

ನಿಯತಕಾಲಿಕಗಳ ವಿಭಾಗಕ್ಕೆ ವಿಶೇಷ ಮಹತ್ವವಿದೆ. ಇಪ್ಪತ್ತನೆಯ ಶತಮಾನದ ಕನ್ನಡ ಸಾಹಿತ್ಯದ ಬಹಳಷ್ಟು ಬರಹಗಳು ಮೊದಲು ಪತ್ರಿಕೆಗಳಲ್ಲಿ ಬೆಳಕು ಕಂಡವು, ಹಲವು ಪುಸ್ತಕರೂಪಕ್ಕೆ ಬರಲೇ ಇಲ್ಲ. ದಿನಪತ್ರಿಕೆಗಳ ಪುರವಣಿ, ವಾರಪತ್ರಿಕೆಗಳ ವಿಶೇಷಾಂಕ, ಸಂಘಗಳ ಸ್ಮರಣ ಸಂಚಿಕೆ ಇವುಗಳನ್ನು ಬಹುತೇಕ ಗ್ರಂಥಾಲಯಗಳು ಕೆಲವು ವರ್ಷಗಳ ನಂತರ ವಿಲೇವಾರಿ ಮಾಡುತ್ತವೆ. ಸಂಶೋಧಕರಿಗೆ ಅತ್ಯಂತ ಕಷ್ಟಸಾಧ್ಯವಾದ ಸಾಮಗ್ರಿಯೆಂದರೆ ಇದೇ.

ಬಳಕೆ

ಶಾಲಾ ಮಕ್ಕಳು, ಸುತ್ತಲಿನ ಗ್ರಾಮಗಳ ಓದುಗರು, ನಾಗರಿಕ ಸೇವಾ ಪರೀಕ್ಷೆಗೆ ಸಿದ್ಧರಾಗುವ ಅಭ್ಯರ್ಥಿಗಳು, ವಿಶ್ವವಿದ್ಯಾನಿಲಯಗಳ ಸಂಶೋಧನಾ ವಿದ್ಯಾರ್ಥಿಗಳು ಮತ್ತು ಲೇಖಕರು ಇಲ್ಲಿಗೆ ಭೇಟಿ ನೀಡುತ್ತಾರೆ. ಸದಸ್ಯತ್ವ ಚೀಟಿ, ಠೇವಣಿ, ಶಿಫಾರಸು ಪತ್ರ ಯಾವುದೂ ಬೇಕಿಲ್ಲ. ಇದು ಸಣ್ಣ ಸಂಗತಿಯಲ್ಲ. ದೊಡ್ಡ ಸಂಶೋಧನಾ ಗ್ರಂಥಾಲಯಗಳ ಬಾಗಿಲು ಸಾಮಾನ್ಯವಾಗಿ ಗುರುತಿನ ಚೀಟಿ ಇರುವವರಿಗೆ ಮಾತ್ರ ತೆರೆದಿರುತ್ತದೆ. ಹಳ್ಳಿಯ ಹೈಸ್ಕೂಲು ವಿದ್ಯಾರ್ಥಿಗೆ ನಿಘಂಟುಗಳ ಸಾಲಿನ ಮುಂದೆ ನಿಂತು ಬೇಕಾದುದನ್ನು ಕೈಗೆತ್ತಿಕೊಳ್ಳುವ ಅವಕಾಶ ಬೇರೆಡೆ ಅಪರೂಪ.

ಬಂದವರು ತಮಗೆ ಬೇಕಾದ ಪುಸ್ತಕವನ್ನು ಕಂಡುಕೊಳ್ಳಲು ಅಂಕೇಗೌಡರ ನೆನಪೇ ಮುಖ್ಯ ಆಧಾರ. ಯಾವ ವಿಷಯದ ಪುಸ್ತಕಗಳು ಯಾವ ಭಾಗದಲ್ಲಿವೆ ಎಂಬುದನ್ನು ಅವರೂ ಅವರ ಕುಟುಂಬದವರೂ ಬಲ್ಲರು. ವೇತನ ಪಡೆಯುವ ಗ್ರಂಥಪಾಲಕ ಸಿಬ್ಬಂದಿ ಇಲ್ಲ. ಧೂಳು ಒರೆಸುವುದು, ಜೋಡಿಸುವುದು, ಬಂದವರಿಗೆ ತೋರಿಸುವುದು ಎಲ್ಲವೂ ಮನೆಮಂದಿಯ ಕೆಲಸ.

ಗ್ರಂಥಸೂಚಿಯ ಸಮಸ್ಯೆ

ಭಾರತದ ಗ್ರಂಥಾಲಯ ಶಾಸ್ತ್ರದ ಪ್ರವರ್ತಕರಾದ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಮಂಡಿಸಿದರು. ಪುಸ್ತಕಗಳಿರುವುದು ಬಳಕೆಗಾಗಿ, ಓದುಗನಿಗೆ ಅವನ ಪುಸ್ತಕವೂ ಪುಸ್ತಕಕ್ಕೆ ಅದರ ಓದುಗನೂ ದೊರೆಯಬೇಕು, ಓದುಗನ ಸಮಯ ಉಳಿಯಬೇಕು, ಗ್ರಂಥಾಲಯವು ಬೆಳೆಯುತ್ತಿರಬೇಕು ಎಂಬುದು ಅವುಗಳ ತಾತ್ಪರ್ಯ. ಮುಕ್ತ ಪ್ರವೇಶ ಮತ್ತು ಬೆಳವಣಿಗೆಯ ದೃಷ್ಟಿಯಿಂದ ಪುಸ್ತಕ ಮನೆಯು ಈ ಸೂತ್ರಗಳನ್ನು ಅನೇಕ ಸರ್ಕಾರಿ ಗ್ರಂಥಾಲಯಗಳಿಗಿಂತ ಚೆನ್ನಾಗಿ ಪಾಲಿಸಿದೆ. ಪುಸ್ತಕಕ್ಕೆ ಓದುಗನನ್ನು ಒದಗಿಸುವುದು ಮತ್ತು ಸಮಯ ಉಳಿಸುವುದು ಮಾತ್ರ ಸೂಚಿಯಿಲ್ಲದೆ ಕಷ್ಟ.

ಸೂಚಿ ತಯಾರಿಸುವ ಕೆಲಸದ ಅಗಾಧತೆ ಅಂಕಿಗಳಲ್ಲೇ ತಿಳಿಯುತ್ತದೆ. ಒಬ್ಬ ವ್ಯಕ್ತಿ ದಿನಕ್ಕೆ 50 ಪುಸ್ತಕಗಳಂತೆ ವರ್ಷಕ್ಕೆ 300 ದಿನ ದಾಖಲಿಸಿದರೆ ವರ್ಷಕ್ಕೆ 15,000 ಪುಸ್ತಕಗಳಾಗುತ್ತವೆ. 20 ಲಕ್ಷ ಪುಸ್ತಕಗಳಿಗೆ 133 ವರ್ಷ ಬೇಕು. ಹತ್ತು ಜನರು ಕೆಲಸ ಮಾಡಿದರೂ ಹದಿಮೂರು ವರ್ಷ ಹಿಡಿಯುತ್ತದೆ, ಅದೂ ಆ ಅವಧಿಯಲ್ಲಿ ಹೊಸ ಪುಸ್ತಕಗಳು ಬಾರದಿದ್ದರೆ. ಇಪ್ಪತ್ತು ಭಾಷೆಗಳ, ಹಲವು ಲಿಪಿಗಳ ಪುಸ್ತಕಗಳನ್ನು ಓದಿ ದಾಖಲಿಸಬಲ್ಲವರು ಒಂದೇ ಊರಿನಲ್ಲಿ ಸಿಗುವುದಿಲ್ಲ ಎಂಬುದು ಮತ್ತೊಂದು ತೊಡಕು. ಕುಟುಂಬದ ದುಡಿಮೆಯಿಂದ ಇದು ಸಾಧ್ಯವಾಗುವ ಮಾತಲ್ಲ.

ಸೂಚಿಯ ಬೆಲೆಯೇನೆಂಬುದಕ್ಕೆ ಇದೇ ಪ್ರದೇಶದ ಚರಿತ್ರೆಯಲ್ಲಿ ಎರಡು ನಿದರ್ಶನಗಳಿವೆ. ಹರಳಹಳ್ಳಿಗೆ ಸಮೀಪದ ಶ್ರೀರಂಗಪಟ್ಟಣದ ಅರಮನೆಯಲ್ಲಿ ಟಿಪ್ಪು ಸುಲ್ತಾನನ ಗ್ರಂಥಭಂಡಾರವಿತ್ತು. ಸುಮಾರು 2,000 ಹಸ್ತಪ್ರತಿಗಳಿದ್ದ ಅದು 1799ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು. ಅನಂತರ ಅದು ಕಲ್ಕತ್ತದ ಫೋರ್ಟ್ ವಿಲಿಯಂ ಕಾಲೇಜಿಗೂ ಲಂಡನ್ನಿಗೂ ಹಂಚಿಹೋಯಿತು. ಚಾರ್ಲ್ಸ್ ಸ್ಟುವರ್ಟ್ ಅದರ ವಿವರಣಾತ್ಮಕ ಸೂಚಿಯನ್ನು ಸಿದ್ಧಪಡಿಸಿ 1809ರಲ್ಲಿ ಪ್ರಕಟಿಸಿದನು. ಭಂಡಾರವು ಚದುರಿದರೂ ಅದರಲ್ಲಿ ಏನೇನಿತ್ತೆಂಬುದು ಇಂದಿಗೂ ತಿಳಿಯುವುದು ಆ ಸೂಚಿಯಿಂದ.

ಎರಡನೆಯದು ಮೈಸೂರಿನದು. 1891ರಲ್ಲಿ ಸ್ಥಾಪನೆಯಾದ ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ (ಈಗಿನ ಪ್ರಾಚ್ಯವಿದ್ಯಾ ಸಂಶೋಧನಾಲಯ) ತಂಜಾವೂರು ಪ್ರಾಂತ್ಯದ ಪಂಡಿತರೊಬ್ಬರು ತಾಳೆಗರಿಯ ಹಸ್ತಪ್ರತಿಯೊಂದನ್ನು ಒಪ್ಪಿಸಿದ್ದರು. ಅಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನು ಪರಿಶೀಲಿಸಿ, ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿದರು. 1909ರಲ್ಲಿ ಅದರ ಮುದ್ರಿತ ಆವೃತ್ತಿ ಹೊರಬಂದಿತು. ಹಸ್ತಪ್ರತಿಯನ್ನು ಕಾಪಾಡಿದವರ ಪಾಲು ಎಷ್ಟು ದೊಡ್ಡದೋ ಅದನ್ನು ಬಿಚ್ಚಿ ಓದಿ ದಾಖಲಿಸಿದವರ ಪಾಲೂ ಅಷ್ಟೇ ದೊಡ್ಡದು. ಪುಸ್ತಕ ಮನೆಯಲ್ಲಿ ಮೊದಲನೆಯ ಕೆಲಸ ನಡೆದಿದೆ; ಎರಡನೆಯದಕ್ಕೆ ಬೇಕಾದ ಜನಬಲ ಒದಗಿಲ್ಲ.

ಸಂರಕ್ಷಣೆ

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಬಳಕೆಗೆ ಬಂದ ಮರದ ತಿರುಳಿನ ಅಗ್ಗದ ಕಾಗದದಲ್ಲಿ ಆಮ್ಲದ ಅಂಶವಿರುವುದರಿಂದ ಅದು ಕಾಲಕ್ರಮೇಣ ಹಳದಿಯಾಗಿ, ಮಡಿಸಿದಲ್ಲಿ ಮುರಿಯುತ್ತದೆ. ಪತ್ರಿಕೆಗಳ ಕಾಗದ ಇನ್ನೂ ಬೇಗ ಹಾಳಾಗುತ್ತದೆ. ಮಳೆಗಾಲದ ತೇವ, ಬೂಷ್ಟು, ಗೆದ್ದಲು ಮತ್ತು ಬೆಳ್ಳಿಹುಳುಗಳ ಕಾಟ ಇದಕ್ಕೆ ಸೇರುತ್ತದೆ. ನೆಲದ ಮೇಲೆ ಪೇರಿಸಿದ ರಾಶಿಯಲ್ಲಿ ಕೆಳಗಿನ ಪುಸ್ತಕಗಳಿಗೆ ಗಾಳಿಯಾಡುವುದಿಲ್ಲ. ಹುಳು ಬಿದ್ದರೂ ಬೇಗ ಗೊತ್ತಾಗುವುದಿಲ್ಲ. ಬೇವಿನ ಎಲೆ ಇಡುವ, ಆಗಾಗ ಬಿಸಿಲು ಗಾಳಿಗೆ ಹರಡುವ ಸಾಂಪ್ರದಾಯಿಕ ಕ್ರಮಗಳು ಮನೆಯ ಕಪಾಟಿಗೆ ಸಾಕಾದಾವು, ಲಕ್ಷಾಂತರ ಪುಸ್ತಕಗಳಿಗಲ್ಲ.

ಬೆಂಕಿಯ ಅಪಾಯವೂ ಕಾಲ್ಪನಿಕವಲ್ಲ. ಮೈಸೂರಿನ ರಾಜೀವನಗರದಲ್ಲಿ ದಿನಗೂಲಿ ಕಾರ್ಮಿಕರಾದ ಸೈಯದ್ ಇಸಾಕ್ ಅವರು ಸ್ವಂತ ದುಡಿಮೆಯಿಂದ ನಡೆಸುತ್ತಿದ್ದ ಉಚಿತ ಗ್ರಂಥಾಲಯವು 2021ರ ಏಪ್ರಿಲ್‌ನಲ್ಲಿ ಬೆಂಕಿಗೆ ಆಹುತಿಯಾಗಿ ಸುಮಾರು 11,000 ಪುಸ್ತಕಗಳು ನಾಶವಾದವು. ಅವುಗಳಲ್ಲಿ ಹೆಚ್ಚಿನವು ಕನ್ನಡ ಪುಸ್ತಕಗಳು. ಆ ಘಟನೆಯ ನಂತರ ನಾಡಿನಾದ್ಯಂತ ಜನರು ಹಣವನ್ನೂ ಪುಸ್ತಕಗಳನ್ನೂ ನೀಡಿ ಸ್ಪಂದಿಸಿದರು. ಮತ್ತೆ ಕೊಳ್ಳಬಹುದಾದ ಪುಸ್ತಕಗಳಿಗೆ ಇಂತಹ ಪರಿಹಾರ ಸಾಧ್ಯ. ಒಂದೇ ಪ್ರತಿ ಉಳಿದಿರುವ ಪುಸ್ತಕಕ್ಕೆ ಸಾಧ್ಯವಿಲ್ಲ.

ಡಿಜಿಟಲೀಕರಣವು ಒಂದು ದಾರಿ. ಭಾರತದಲ್ಲಿ ಲೇಖಕರ ಮರಣದ ನಂತರ 60 ವರ್ಷಗಳವರೆಗೆ ಕೃತಿಸ್ವಾಮ್ಯ ಇರುವುದರಿಂದ, ಆ ಅವಧಿ ಮುಗಿದ ಕೃತಿಗಳನ್ನು ಸ್ಕ್ಯಾನ್ ಮಾಡಿ ಮುಕ್ತವಾಗಿ ಹಂಚಲು ಅಡ್ಡಿಯಿಲ್ಲ. ಬೆಂಗಳೂರಿನಲ್ಲಿ 'ಸರ್ವೆಂಟ್ಸ್ ಆಫ್ ನಾಲೆಜ್' ಯೋಜನೆಯ ಸ್ವಯಂಸೇವಕರು ಕನ್ನಡ ಪುಸ್ತಕಗಳನ್ನೂ ಪತ್ರಿಕೆಗಳನ್ನೂ ಸ್ಕ್ಯಾನ್ ಮಾಡಿ ಇಂಟರ್ನೆಟ್ ಆರ್ಕೈವ್‌ನಲ್ಲಿ ಸೇರಿಸುತ್ತಿದ್ದಾರೆ. ಆದರೆ ಯಾವುದನ್ನು ಮೊದಲು ಸ್ಕ್ಯಾನ್ ಮಾಡಬೇಕು, ಯಾವುದು ಈಗಾಗಲೇ ಬೇರೆಡೆ ಆಗಿದೆ ಎಂದು ನಿರ್ಧರಿಸಲು ಕೂಡ ಮೊದಲು ಪಟ್ಟಿ ಬೇಕು.

ಸಾರ್ವಜನಿಕ ಗ್ರಂಥಾಲಯ ವ್ಯವಸ್ಥೆಯೊಂದಿಗೆ ಸಂಬಂಧ

ರಾಜ್ಯದ ಸಾರ್ವಜನಿಕ ಗ್ರಂಥಾಲಯಗಳು 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮದ ಅಡಿಯಲ್ಲಿ ನಡೆಯುತ್ತವೆ. ಆಸ್ತಿ ತೆರಿಗೆಯ ಮೇಲೆ ಸ್ಥಳೀಯ ಸಂಸ್ಥೆಗಳು ಸಂಗ್ರಹಿಸುವ ಶೇ 6ರ ಗ್ರಂಥಾಲಯ ಉಪಕರ ಇವುಗಳ ಪ್ರಮುಖ ಆದಾಯ. ಈ ಏರ್ಪಾಡಿನಲ್ಲಿ ಆಸ್ತಿಮೌಲ್ಯ ಹೆಚ್ಚಿರುವ ನಗರಗಳಿಗೆ ಹೆಚ್ಚು ಹಣ ದೊರೆಯುತ್ತದೆ, ಗ್ರಾಮೀಣ ತಾಲ್ಲೂಕುಗಳಿಗೆ ಕಡಿಮೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾಯಿಸಲಾಯಿತು; ಈಗ ಅವು 'ಗ್ರಂಥಾಲಯ ಮತ್ತು ಅರಿವು ಕೇಂದ್ರ'ಗಳೆಂದು ಕರೆಯಲ್ಪಡುತ್ತವೆ. ಮಕ್ಕಳನ್ನು ಗ್ರಂಥಾಲಯಕ್ಕೆ ಕರೆತರುವ 'ಓದುವ ಬೆಳಕು' ಕಾರ್ಯಕ್ರಮವನ್ನು ಅದೇ ಇಲಾಖೆ ಆರಂಭಿಸಿತು.

ಖಾಸಗಿ ಉಪಕ್ರಮವಾದ ಪುಸ್ತಕ ಮನೆಯು ಈ ಉಪಕರದ ವ್ಯಾಪ್ತಿಗೆ ಬರುವುದಿಲ್ಲ. ಸ್ವಯಂಸೇವಾ ಸಂಸ್ಥೆಗಳು ನಡೆಸುವ ಗ್ರಂಥಾಲಯಗಳಿಗೆ ಕೊಲ್ಕತ್ತದ ರಾಜಾ ರಾಮಮೋಹನ್ ರಾಯ್ ಗ್ರಂಥಾಲಯ ಪ್ರತಿಷ್ಠಾನದ (ಸ್ಥಾಪನೆ 1972) ಸಹಾಯಧನ ಯೋಜನೆಗಳಿವೆ. ಇಂತಹ ಯೋಜನೆಗಳು ಲೆಕ್ಕಪತ್ರ, ನೋಂದಣಿ ಪುಸ್ತಕ ಮತ್ತು ಪುಸ್ತಕಗಳ ದಾಖಲೆಯನ್ನು ನಿರೀಕ್ಷಿಸುತ್ತವೆ. ಸೂಚಿಯಿಲ್ಲದಿದ್ದರೆ ನೆರವು ಪಡೆಯುವುದು ಕಷ್ಟ, ನೆರವಿಲ್ಲದೆ ಸೂಚಿ ಆಗದು. ಏಕವ್ಯಕ್ತಿ ಗ್ರಂಥಾಲಯಗಳು ಹಲವೆಡೆ ಸಿಲುಕಿಕೊಳ್ಳುವ ಬಿಕ್ಕಟ್ಟು ಇದು.

ಮಾನ್ಯತೆ

ಪುಸ್ತಕ ಮನೆಯ ಸಂಗ್ರಹವು ಲಿಮ್ಕಾ ದಾಖಲೆಗಳ ಪುಸ್ತಕದಲ್ಲಿ ಸ್ಥಾನ ಪಡೆದಿದೆ. ಅಂಕೇಗೌಡರು ಕರ್ನಾಟಕ ರಾಜ್ಯೋತ್ಸವ ಪ್ರಶಸ್ತಿಗೆ ಪಾತ್ರರಾಗಿದ್ದಾರೆ. 2026ರ ಗಣರಾಜ್ಯೋತ್ಸವದ ಮುನ್ನಾದಿನ ಪ್ರಕಟವಾದ ಪದ್ಮ ಪ್ರಶಸ್ತಿಗಳ ಪಟ್ಟಿಯಲ್ಲಿ, ಎಲೆಮರೆಯ ಸಾಧಕರ ಸಾಲಿನಲ್ಲಿ ಅವರ ಹೆಸರಿತ್ತು. ಘೋಷಣೆಯ ನಂತರ ಹರಳಹಳ್ಳಿಯ ಗ್ರಂಥಾಲಯವು ರಾಷ್ಟ್ರಮಟ್ಟದ ಮಾಧ್ಯಮಗಳ ಗಮನ ಸೆಳೆಯಿತು.

ತಲುಪುವ ಬಗೆ

ಪಾಂಡವಪುರವು ಮೈಸೂರು ಮತ್ತು ಶ್ರೀರಂಗಪಟ್ಟಣಗಳಿಂದ ಬಸ್ ಸಂಪರ್ಕ ಹೊಂದಿದೆ. ಬೆಂಗಳೂರು–ಮೈಸೂರು ರೈಲು ಮಾರ್ಗದಲ್ಲಿರುವ ಪಾಂಡವಪುರ ನಿಲ್ದಾಣವು ಪಟ್ಟಣದಿಂದ ಕೆಲವು ಕಿ.ಮೀ. ದೂರದಲ್ಲಿದೆ. ಮೇಲುಕೋಟೆಗೆ ಹೋಗುವವರು ಪಾಂಡವಪುರದ ಮೂಲಕವೂ ಸಾಗಬಹುದಾದ್ದರಿಂದ, ಅಲ್ಲಿರುವ ಪು.ತಿ.ನ. ಅವರ ಸ್ಮಾರಕ ಮನೆ ಹಾಗೂ ತಾಳೆಗರಿ ಸಂಗ್ರಹವುಳ್ಳ ಸಂಸ್ಕೃತ ಸಂಶೋಧನಾ ಸಂಸತ್ತಿನೊಂದಿಗೆ ಪುಸ್ತಕ ಮನೆಯನ್ನೂ ಒಂದೇ ಪ್ರಯಾಣದಲ್ಲಿ ನೋಡಬಹುದು.